ಚಳಿಗಾಲದ ಬ್ರಾಯ್ಲರ್: ಹೊಟ್ಟೆಯಲ್ಲಿ ನೀರು ಯಾಕೆ ತುಂಬುತ್ತೆ?

ಚಳಿ ಶುರುವಾದ ತಕ್ಷಣ ಕೋಳಿ ಶೆಡ್‌ನ ಪರದೆ ಪೂರ್ತಿ ಮುಚ್ಚಿಬಿಡ್ತೀವಿ. ಆಮೇಲೆ ಚೆನ್ನಾಗಿ ತೂಕ ಬಂದಿದ್ದ ಕೋಳಿಗಳೇ ಏದುಸಿರು ಬಿಡುತ್ತಾ, ಜುಟ್ಟು ನೀಲಿಯಾಗಿ ಸಾಯುತ್ತವೆ. ಕೊಯ್ದು ನೋಡಿದರೆ ಹೊಟ್ಟೆ ತುಂಬಾ ಹಳದಿ ನೀರು. ಸೋಂಕು ಅಂತ ಆಂಟಿಬಯೋಟಿಕ್‌ಗೆ ದುಡ್ಡು ಸುರಿಯುತ್ತೇವೆ. ಆದರೆ ಹೆಚ್ಚಿನ ಸಲ ತೊಂದರೆ ಇರೋದು ಶ್ವಾಸಕೋಶದ ರಕ್ತನಾಳದಲ್ಲಿ.

ರಕ್ತನಾಳದ ಒಳಪದರ ಎಂಡೋಥೆಲಿನ್ ಎಂಬ ವಸ್ತು ತಯಾರಿಸುತ್ತೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ರಕ್ತನಾಳದ ಜೀವಕೋಶಗಳಲ್ಲಿ ಇದನ್ನು ಕಂಡುಹಿಡಿದರು. ಇದು ಕೀಲಿಕೈ ಇದ್ದಂತೆ, ಜೀವಕೋಶದ ಮೇಲಿನ ಗ್ರಾಹಕಗಳು ಬೀಗ. ನಾಳದ ಸ್ನಾಯುವಿನಲ್ಲಿರುವ 'ಎ' ಗ್ರಾಹಕಕ್ಕೆ ತಗುಲಿದರೆ ನಾಳ ಬಿಗಿಯುತ್ತೆ. ಒಳಪದರದ 'ಬಿ' ಗ್ರಾಹಕಕ್ಕೆ ತಗುಲಿದರೆ ನೈಟ್ರಿಕ್ ಆಕ್ಸೈಡ್ ಹೊರಬಂದು ನಾಳ ಸಡಿಲಾಗುತ್ತೆ. ಕೀಲಿ ಒಂದೇ, ಅಂಗಾಂಗಕ್ಕೆ ತಕ್ಕಂತೆ ಕೆಲಸ ಬೇರೆ.

ಆಮ್ಲಜನಕ ಕಡಿಮೆಯಾದರೆ ಮೈಯ ಬೇರೆ ಕಡೆ ನಾಳಗಳು ಸಾಮಾನ್ಯವಾಗಿ ಹಿಗ್ಗುತ್ತವೆ, ಶ್ವಾಸಕೋಶದಲ್ಲಿ ಮಾತ್ರ ಬಿಗಿಯುತ್ತವೆ. ಈ ಬಿಗಿತಕ್ಕೆ ಎಂಡೋಥೆಲಿನ್ ಕೂಡ ಕಾರಣ. ಬೇಗ ಬೆಳೆಯುವ ಬ್ರಾಯ್ಲರ್‌ಗೆ ಆಮ್ಲಜನಕ ಮೊದಲೇ ಜಾಸ್ತಿ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಬಿಗಿದ ನಾಳಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಊದಿ ಸೋಲುತ್ತೆ. ರಕ್ತ ಹಿಂದೆ ನಿಂತು, ಪಿತ್ತಜನಕಾಂಗದಿಂದ ನೀರು ಹೊಟ್ಟೆಗೆ ಜಿನುಗುತ್ತೆ.

ಹಾಗಾಗಿ ಪರದೆಯ ಮೇಲ್ತುದಿಯಲ್ಲಿ ಸ್ವಲ್ಪ ಸಂದು ಬಿಡಿ. ಮರಿಗಳಿಗೆ ಬ್ರೂಡರ್ ಶಾಖ ಕೊಡಿ, ಗಾಳಿ ಮಾತ್ರ ನಿಲ್ಲಿಸಬೇಡಿ. ಲಿಟರ್ ಒಣಗಿರಲಿ. ಪದೇಪದೇ ಈ ತೊಂದರೆ ಬಂದರೆ, ಮೊದಲ ವಾರಗಳಲ್ಲಿ ಮೇವು ಸ್ವಲ್ಪ ಹಿಡಿದು ಕೊಡೋದರ ಬಗ್ಗೆ ಪಶುವೈದ್ಯರನ್ನು ಕೇಳಿ. ಸತ್ತ ಕೋಳಿಯನ್ನೂ ಅವರಿಗೆ ತೋರಿಸಿ. ಔಷಧಿ ಆಮೇಲೆ ನೋಡೋಣ.