ನಿಮಗಿದು ಗೊತ್ತೆ? ಸೊಗಡಿಗೆ ಸೋಲುವ ಮನಸ್ಸು

● ಮಾಗಿಯಲ್ಲಿ ಹಾಸನ, ಚನ್ನರಾಯಪಟ್ಟಣದ ಸಂತೆಯಲ್ಲಿ ಗಮನಿಸಿ: ಅವರೆಕಾಯಿ ಕೊಳ್ಳುವವರು ದರ ಕೇಳುವ ಮೊದಲೇ ಒಂದು ಕಾಯಿ ಎತ್ತಿ ಮೂಸುತ್ತಾರೆ. ಬೆರಳಿಗೆ ಸೊಗಡು ಅಂಟಿತೋ, ಚೌಕಾಸಿ ಅರ್ಧ ಮುಗಿದಂತೆ!

● ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು, ಭಾವನೆಗಳ ಕೇಂದ್ರಗಳನ್ನು ತೀರಾ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಸೊಗಡು ಮೂಗಿಗೆ ಬಡಿದೊಡನೆ ಅಜ್ಜಿಯ ಹಿತಕಿದ ಬೇಳೆ ಸಾರು ನೆನಪಾಗುವುದು ಅದಕ್ಕೇ.

● ಆ ನೆನಪು ಅವರೆಯನ್ನು ಹೊಲದಲ್ಲಿ ಉಳಿಸಿದರೆ ನೆಲಕ್ಕೂ ಲಾಭ. ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಅವರೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ.

● ಭಾವನೆ ಅಡ್ಡಗಾಲೂ ಹಾಕುತ್ತದೆ. ಅವರೆಯ ಜೊತೆಗಾರ ರಾಗಿಯನ್ನೇ ನೋಡಿ: ನೆಂಟರಿಗೆ ಮುದ್ದೆ ಬಡಿಸಲು ನಾಚಿ ಅನ್ನಕ್ಕಿಡುತ್ತಿದ್ದ ಮನೆಗಳು ಎಷ್ಟೋ! ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ–ರಾಗಿಯ ಜಗಳವೂ ಇದೇ ಮೇಲು–ಕೀಳಿನದು, ಗೆದ್ದದ್ದು ರಾಗಿ.

● ಆ ನಾಚಿಕೆ ಎಲ್ಲರದ್ದಲ್ಲ: 1996ರಲ್ಲಿ ಪ್ರಧಾನಿಯಾದ ಎಚ್‌.ಡಿ. ದೇವೇಗೌಡರು ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯವರು. ಅವರ ಮುದ್ದೆ ಪ್ರೀತಿ ಹೆಸರುವಾಸಿ. ರಾಗಿಯಂಥ ಧಾನ್ಯಗಳಿಗಾಗಿಯೇ 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಅರಕಲಗೂಡಿನ ಹೊಲದ ರಾಗಿಗೆ ಈಗ ನಾಚಿಕೆಯಲ್ಲ, ಹೆಮ್ಮೆಯೇ ಒಗ್ಗರಣೆ.