ಕೈಗೆ ಬಿಡುವು, ಮನಸ್ಸಿಗಲ್ಲ: ಹೊಸ ಕಾರಿನಲ್ಲಿ ಮೊಬೈಲ್ ಬಳಕೆ

ಹೊಸ ಕಾರು ಮನೆಗೆ ಬಂದ ದಿನ ಪೂಜೆ ಮುಗಿದು, ಚಕ್ರದಡಿಯ ನಿಂಬೆಹಣ್ಣು ಒಡೆದು, ಮನೆಮಂದಿಯೆಲ್ಲ ಒಂದು ಸುತ್ತು ಹೋಗಿ ಬಂದ ಮೇಲೆ ಬಹುತೇಕ ಮನೆಗಳಲ್ಲಿ ನಡೆಯುವ ಮುಂದಿನ ಕಾರ್ಯವೆಂದರೆ ಕಾರಿಗೂ ಮೊಬೈಲಿಗೂ ನಂಟು ಬೆಸೆಯುವುದು. ಇನ್ನು ಮೇಲೆ ಫೋನನ್ನು ಕೈಯಲ್ಲಿ ಹಿಡಿಯಬೇಕಾಗಿಲ್ಲ, ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿದರೆ ಸಾಕು, ಮಾತು ಕಾರಿನ ಸ್ಪೀಕರಿನಲ್ಲೇ ಕೇಳಿಬರುತ್ತದೆ ಎಂದು ಶೋರೂಮಿನವರು ಹೇಳಿ ಕಳುಹಿಸಿರುತ್ತಾರೆ. ಆ ಮಾತು ನಿಜವೇ. ಆದರೆ ಅದನ್ನು ಕೇಳಿದವರು, ಇನ್ನು ಓಡಿಸುತ್ತಲೇ ಎಷ್ಟು ಹೊತ್ತು ಬೇಕಾದರೂ ಮಾತನಾಡಬಹುದು, ಅಪಾಯವಿಲ್ಲ ಎಂದು ಅರ್ಥಮಾಡಿಕೊಳ್ಳುತ್ತಾರೆ. ಅದು ನಿಜವಲ್ಲ.

ಆರೋಗ್ಯ ವಿಭಾಗದಲ್ಲಿ ಕಾರು, ಫೋನುಗಳ ವಿಚಾರವೇಕೆ ಎಂದು ಕೆಲವರಿಗೆ ತೋರಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇಷ್ಟು ಜನರನ್ನು ಒಯ್ಯುವ ಕಾಯಿಲೆಯೊಂದಿದ್ದರೆ ಅದರ ಬಗ್ಗೆ ನಾವು ಪ್ರತಿ ಸಂಚಿಕೆಯಲ್ಲೂ ಬರೆಯುತ್ತಿದ್ದೆವು.

ಈ ವಿಚಾರವನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ಹೆದ್ದಾರಿಯನ್ನು ಕಣ್ಣ ಮುಂದಿಟ್ಟುಕೊಂಡು ನೋಡುವುದು ಸೂಕ್ತ. ಹಿಂದೆ 17ನೇ ಸಂಖ್ಯೆಯಿದ್ದು ಈಗ 66 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯ ಈ ಭಾಗ ಸುಮಾರು 60 ಕಿ.ಮೀ. ಉದ್ದವಿದೆ. ಘಟ್ಟದ ಮೇಲಿನ ನಮ್ಮ ಭಕ್ತರಲ್ಲಿ ಅನೇಕರು ಹೊಸ ವಾಹನದ ಮೊದಲ ದೂರಪ್ರಯಾಣಕ್ಕೆ ಆರಿಸಿಕೊಳ್ಳುವುದು ಮುರುಡೇಶ್ವರವನ್ನೋ ಗೋಕರ್ಣವನ್ನೋ. ಶಿರಸಿಯ ಕಡೆಯವರು ದೇವಿಮನೆ ಘಟ್ಟವಿಳಿದು ಕುಮಟಾ ಸೇರುತ್ತಾರೆ. ಸಾಗರದ ಕಡೆಯವರು ಗೇರುಸೊಪ್ಪ ಘಟ್ಟವಿಳಿದು ಹೊನ್ನಾವರದ ಶರಾವತಿ ವೃತ್ತಕ್ಕೆ ಬರುತ್ತಾರೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ರೂಢಿಯಾದ ಕೈಗೆ ಈ ತಿರುವುಗಳು ಹೊಸವು, ಕಾರೂ ಹೊಸದು, ಅದರೊಳಗಿನ ಪರದೆಯೂ ಹೊಸದು. ಈ ಮೂರು ಹೊಸತುಗಳು ಒಂದೇ ದಿನ ಕೂಡುವುದು ಒಳ್ಳೆಯ ಮುಹೂರ್ತವಲ್ಲ.

ಮೊದಲು ಜೋಡಣೆಯ ಮಾತು. ಅದನ್ನು ಮನೆಯ ಅಂಗಳದಲ್ಲಿ, ವಾಹನ ನಿಂತಿರುವಾಗಲೇ ಮುಗಿಸಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು, ಕಾರಿನ ಪರದೆಯಲ್ಲಿ ಹೊಸ ಫೋನು ಸೇರಿಸುವ ಸೂಚನೆ ಆರಿಸಿದರೆ ಎರಡರಲ್ಲೂ ಒಂದು ಸಂಖ್ಯೆ ಕಾಣಿಸುತ್ತದೆ. ಎರಡೂ ಕಡೆ ಅದೇ ಸಂಖ್ಯೆಯಿದ್ದರೆ ಒಪ್ಪಿಗೆ ಕೊಡಬೇಕು. ಮುಂದಿನ ಸಲದಿಂದ ಕಾರು ಚಾಲೂ ಮಾಡಿದೊಡನೆ ಫೋನು ತಾನಾಗಿ ಸೇರಿಕೊಳ್ಳುತ್ತದೆ. ಒಂದೇ ಕಾರಿಗೆ ಗಂಡ, ಹೆಂಡತಿ, ಮಗ ಮೂವರೂ ತಮ್ಮ ಫೋನುಗಳನ್ನು ಜೋಡಿಸಿದ್ದರೆ ಕಾರು ಕೆಲವೊಮ್ಮೆ ಓಡಿಸುವವರ ಫೋನನ್ನು ಬಿಟ್ಟು ಬೇರೊಬ್ಬರದನ್ನು ಹಿಡಿಯುವುದುಂಟು. ಹೊರಡುವ ಮೊದಲು ಪರದೆಯಲ್ಲಿ ಯಾರ ಫೋನಿನ ಹೆಸರಿದೆಯೆಂದು ನೋಡಿಕೊಂಡರೆ ದಾರಿಯಲ್ಲಿ ತಡಕಾಡುವುದು ತಪ್ಪುತ್ತದೆ. ಶ್ರವಣಯಂತ್ರ ಬಳಸುವ ಹಿರಿಯರು ಇನ್ನೊಂದು ಸಂಗತಿ ಗಮನಿಸಬೇಕು. ಈಚಿನ ಕೆಲವು ಶ್ರವಣಯಂತ್ರಗಳೂ ಬ್ಲೂಟೂತ್ ಮೂಲಕ ಫೋನಿಗೆ ಸೇರಿರುತ್ತವೆ. ಕರೆಯ ಧ್ವನಿ ಕಾರಿನ ಸ್ಪೀಕರಿಗೆ ಬರುವುದೋ ಕಿವಿಗೆ ಹೋಗುವುದೋ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕು.

ಮಾತನ್ನು ಎತ್ತಿಕೊಳ್ಳುವ ಮೈಕ್ ಸಾಮಾನ್ಯವಾಗಿ ಚಾಲಕನ ತಲೆಯ ಮೇಲ್ಭಾಗದಲ್ಲಿ, ಒಳಗಿನ ದೀಪದ ಬಳಿ ಇರುತ್ತದೆ. ಕಿಟಕಿ ತೆರೆದಿದ್ದರೆ ಅಥವಾ ಎಸಿಯ ಗಾಳಿ ಜೋರಾಗಿದ್ದರೆ ಆಚೆಯವರಿಗೆ ಮಾತು ಕೇಳಿಸದು. ಕರಾವಳಿಯ ಮಳೆ ಕಾರಿನ ಛಾವಣಿಗೆ ಬಡಿಯುವಾಗಲಂತೂ ಹೇಳಿದ್ದನ್ನೇ ಮೂರು ಬಾರಿ ಕೂಗಿ ಹೇಳಬೇಕಾಗುತ್ತದೆ. ಹಾಗೆ ಕೂಗುತ್ತಾ ಓಡಿಸುವವನ ಲಕ್ಷ್ಯ ಎಲ್ಲಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಜೋಡಣೆಯ ವೇಳೆ ಕಾರು ನಮ್ಮ ಫೋನಿನ ಹೆಸರುಪಟ್ಟಿಯನ್ನೂ ಕರೆಗಳ ವಿವರವನ್ನೂ ಕೇಳುತ್ತದೆ. ಸ್ವಂತ ಕಾರಿಗೆ ಕೊಟ್ಟರೆ ತೊಂದರೆಯಿಲ್ಲ. ಬಾಡಿಗೆ ಕಾರಿಗೆ ಕೊಡುವುದು ಬೇಡ; ಕಾರನ್ನು ಮಾರುವಾಗ ಆ ಪಟ್ಟಿಯನ್ನು ಅಳಿಸಿಯೇ ಕೀಲಿಕೈ ಒಪ್ಪಿಸಬೇಕು.

ಇನ್ನು ಮುಖ್ಯ ವಿಚಾರ. ಕೈಯಲ್ಲಿ ಫೋನು ಹಿಡಿಯದಿದ್ದರೆ ಅಪಾಯ ಹೋಯಿತೆಂಬ ನಂಬಿಕೆಯನ್ನು ವೈದ್ಯಲೋಕ ಬಹಳ ಹಿಂದೆಯೇ ಪರೀಕ್ಷಿಸಿದೆ. ಕೆನಡಾದ ಟೊರಾಂಟೊ ನಗರದಲ್ಲಿ ಅಪಘಾತಕ್ಕೀಡಾದ, ಫೋನು ಹೊಂದಿದ್ದ 699 ಚಾಲಕರ ಕರೆಗಳ ದಾಖಲೆಯನ್ನು ರೆಡಲ್‌ಮೈಯರ್ ಮತ್ತು ಟಿಬ್ಶಿರಾನಿ ಎಂಬ ವಿದ್ವಾಂಸರು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಫೋನು ಬಳಸುತ್ತಿದ್ದಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗಿತ್ತು. ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೂ ಹೆಚ್ಚಿನ ರಕ್ಷಣೆ ಕಂಡುಬರಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಅಪಘಾತವಾಗಿ ಆಸ್ಪತ್ರೆಗೆ ಬಂದ 456 ಚಾಲಕರ ಅಧ್ಯಯನದಲ್ಲೂ ಇದೇ ನಾಲ್ಕು ಪಟ್ಟಿನ ಫಲಿತಾಂಶ ಬಂತು.

ಕಾರಣ ಕೈಯಲ್ಲಿಲ್ಲ, ಮಿದುಳಿನಲ್ಲಿದೆ. ದೂರದವರ ಮಾತನ್ನು ಕೇಳುವಾಗ ಮನಸ್ಸು ಅವರ ಮುಖ, ಮನೆ, ಸಂದರ್ಭಗಳನ್ನು ಕಲ್ಪಿಸಿಕೊಳ್ಳುತ್ತದೆ, ಉತ್ತರವನ್ನು ಹೊಸೆಯುತ್ತದೆ. ಆ ಹೊತ್ತಿನಲ್ಲಿ ಕಣ್ಣು ತೆರೆದೇ ಇರುತ್ತದೆ, ಆದರೆ ಕಂಡದ್ದು ಒಳಗೆ ದಾಖಲಾಗುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲಕರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು 2003ರಲ್ಲಿ ತೋರಿಸಿದ್ದು ಇದನ್ನೇ. ಹ್ಯಾಂಡ್ಸ್‌ಫ್ರೀಯಲ್ಲಿ ಮಾತನಾಡುತ್ತಿದ್ದವರು ರಸ್ತೆಬದಿಯ ವಸ್ತುಗಳ ಮೇಲೆ ನೇರವಾಗಿ ದೃಷ್ಟಿ ನೆಟ್ಟಿದ್ದರೂ, ಬಳಿಕ ಕೇಳಿದರೆ ಅವು ಅವರಿಗೆ ನೆನಪಿರಲಿಲ್ಲ. ಎಷ್ಟೋ ಅಪಘಾತಗಳ ಬಳಿಕ ಚಾಲಕರು ‘ನೋಡುತ್ತಲೇ ಇದ್ದೆ, ಎಲ್ಲಿಂದ ಬಂದರೋ ತಿಳಿಯಲಿಲ್ಲ’ ಎನ್ನುವುದುಂಟು. ಅದು ಸುಳ್ಳೇ ಆಗಿರಬೇಕೆಂದಿಲ್ಲ.

ಮಾತು ಮುಗಿಯಿತೆಂದ ಮಾತ್ರಕ್ಕೆ ಮನಸ್ಸು ಕೂಡಲೇ ರಸ್ತೆಗೆ ಮರಳುವುದೂ ಇಲ್ಲ. ಕಾರಿಗೆ ಬಾಯಿಮಾತಿನಲ್ಲಿ ಅಪ್ಪಣೆ ಕೊಡುವ ವ್ಯವಸ್ಥೆಗಳನ್ನು ಇದೇ ಸ್ಟ್ರೇಯರ್ ತಂಡ 2015ರಲ್ಲಿ ಪರೀಕ್ಷಿಸಿದಾಗ, ಕೆಲವು ವ್ಯವಸ್ಥೆಗಳ ವಿಷಯದಲ್ಲಿ ಗಮನದ ಕೊರತೆ 27 ಸೆಕೆಂಡುಗಳವರೆಗೂ ಉಳಿದಿತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಅಷ್ಟು ಹೊತ್ತಿನಲ್ಲಿ 450 ಮೀಟರ್ ಸಾಗಿರುತ್ತದೆ. ಮಂಕಿ, ಹಳದೀಪುರಗಳಂಥ ಹೆದ್ದಾರಿ ಬದಿಯ ಊರುಗಳಲ್ಲಿ ಈ 450 ಮೀಟರಿನೊಳಗೆ ಬಸ್‌ನಿಲ್ದಾಣ, ಅಂಗಡಿ, ರಸ್ತೆ ದಾಟಲು ನಿಂತ ಶಾಲೆಯ ಮಕ್ಕಳು ಎಲ್ಲರೂ ಬಂದುಹೋಗಬಹುದು. ಮಳೆಗಾಲದ ರಾತ್ರಿ ಡಾಂಬರಿನ ಮೇಲೆ ಮಲಗುವ ದನಗಳನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದೂ ತಪ್ಪೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಪಕ್ಕದವರು ರಸ್ತೆಯನ್ನು ತಾವೂ ನೋಡುತ್ತಿರುತ್ತಾರೆ. ಎದುರಿಗೆ ಮೀನಿನ ಲಾರಿ ಬಂದರೆ ಅವರ ಮಾತು ತಾನಾಗಿ ನಿಲ್ಲುತ್ತದೆ. ‘ಮೆಲ್ಲಗೆ, ಮೆಲ್ಲಗೆ’ ಎಂದು ಎಚ್ಚರಿಸುವುದೂ ಉಂಟು. ಫೋನಿನಾಚೆ ಇರುವವರಿಗೆ ಲಾರಿ ಕಾಣದು. 2008ರ ಒಂದು ಪ್ರಯೋಗದಲ್ಲಿ ಮುಂದಿನ ವಿಶ್ರಾಂತಿ ತಾಣದಲ್ಲಿ ಕಾರು ತಿರುಗಿಸಬೇಕೆಂದು ಚಾಲಕರಿಗೆ ಮೊದಲೇ ಹೇಳಲಾಗಿತ್ತು. ಪಕ್ಕದಲ್ಲಿ ಸ್ನೇಹಿತರಿದ್ದವರಲ್ಲಿ ಹೆಚ್ಚಿನವರು ತಿರುಗಿಸಿದರು, ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾಣವನ್ನು ದಾಟಿ ಮುಂದೆ ಹೋದರು.

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ನಿಜ ರಸ್ತೆಯಲ್ಲಿ ಕಾರಿನೊಳಗೆ ಕ್ಯಾಮೆರಾ ಇಟ್ಟು ನಡೆಸಿದ ಅಮೆರಿಕದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಂತೆ ಕೈಯಲ್ಲಿ ಫೋನು ಹಿಡಿದು ಸಂಖ್ಯೆ ಒತ್ತುವಾಗ ಅಪಘಾತದ ಸಂಭವ ಸುಮಾರು 12 ಪಟ್ಟು, ಸಂದೇಶ ಬರೆಯುವಾಗ ಸುಮಾರು 6 ಪಟ್ಟು, ಫೋನಿಗಾಗಿ ಕೈ ಚಾಚುವಾಗ ಸುಮಾರು 5 ಪಟ್ಟು. ಫೋನು ಹಿಡಿದು ಬರಿದೆ ಮಾತನಾಡುವಾಗ 2 ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಕಣ್ಣನ್ನು ರಸ್ತೆಯಿಂದ ಕೀಳುವ ಕೆಲಸಗಳೇ ಅತಿ ಘೋರ. ಅವುಗಳನ್ನು ತಪ್ಪಿಸುವ ಮಟ್ಟಿಗೆ ಹೊಸ ಕಾರಿನ ಸೌಲಭ್ಯ ನಿಜಕ್ಕೂ ಉಪಕಾರಿ. ಆದ್ದರಿಂದ ಅದನ್ನು ಬಳಸಲೇಬಾರದೆಂದು ನಾವು ಹೇಳುವುದಿಲ್ಲ. ‘ಹೊನ್ನಾವರ ದಾಟಿದೆವು, ಊಟಕ್ಕೆ ಬರುತ್ತೇವೆ’ ಎನ್ನುವಷ್ಟು ಮಾತಿಗೆ ಅದು ಸಾಕು. ಆಸ್ತಿಯ ಪಾಲು, ಮಗಳ ಸಂಬಂಧ, ಸಾಲದ ಕಂತು, ವ್ಯಾಪಾರದ ಜಗಳ ಇವು ಸ್ಟೀರಿಂಗ್ ಹಿಡಿದು ಆಡುವ ಮಾತುಗಳಲ್ಲ.

ಕಾನೂನು ಈ ವಿಚಾರದಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆಯೆಂದೇ ಎಣಿಸುತ್ತದೆ. ದಂಡವಷ್ಟೇ ಅಲ್ಲ, ಸೆರೆವಾಸಕ್ಕೂ ಅವಕಾಶವಿದೆ. 2020ರ ಅಕ್ಟೋಬರಿನಿಂದ ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಫೋನು ಬಳಸಲು ನಿಯಮ ಒಪ್ಪಿದೆ. ಹ್ಯಾಂಡ್ಸ್‌ಫ್ರೀ ಮಾತುಕತೆಯನ್ನು ಅದು ಹೆಸರಿಸಿ ನಿಷೇಧಿಸಿಲ್ಲ. ಪೊಲೀಸರು ತಡೆಯುವುದಿಲ್ಲವೆಂಬುದು ಸುರಕ್ಷಿತವೆಂಬುದಕ್ಕೆ ಪ್ರಮಾಣವಾಗದು.

ಈ ಮೂರು ತಾಲ್ಲೂಕುಗಳಿಗೆ ಈ ಮಾತು ಹೆಚ್ಚು ಅನ್ವಯಿಸಲು ಕಾರಣಗಳಿವೆ. ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದಾರೆ. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಸಿ ಮಗ ಕರೆ ಮಾಡುವ ಹೊತ್ತಿಗೆ ಇಲ್ಲಿ ಏಳೂವರೆ. ಕತ್ತಲು ಕವಿದು ಎದುರಿನ ವಾಹನಗಳ ದೀಪ ಕಣ್ಣಿಗೆ ಕುಕ್ಕುವ ವೇಳೆ. ಮಗನ ಕರೆಯನ್ನು ತಂದೆ ಬಿಡುವುದುಂಟೇ?

ಅದಕ್ಕಿಂತಲೂ ಕಠಿಣವಾದದ್ದು ರೋಗಿಯನ್ನು ಕರೆದೊಯ್ಯುವ ಪ್ರಯಾಣ. ದೊಡ್ಡ ಚಿಕಿತ್ಸೆಗೆಂದು ಇಲ್ಲಿಯವರು ಇದೇ ಹೆದ್ದಾರಿಯಲ್ಲಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಕುಮಟಾದಿಂದ ಮಣಿಪಾಲ ನೂರು ಕಿ.ಮೀ.ಗೂ ಹೆಚ್ಚು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನರು ಧ್ವನಿಯೆತ್ತಿದ್ದು ಇದೇ ಕಾರಣಕ್ಕೆ. ಹಿಂದಿನ ಸೀಟಿನಲ್ಲಿ ಎದೆನೋವಿನ ತಂದೆ, ಮುಂದೆ ಓಡಿಸುತ್ತಿರುವ ಮಗ, ಮನೆಯಲ್ಲಿ ಉಳಿದವರ ಆತಂಕ. ‘ಎಲ್ಲಿ ಬಂದ್ಯೋ ತಮ್ಮಾ? ಅಪ್ಪಗೆ ಹೇಗಿದೆ?’ ಎಂದು ಅಕ್ಕ, ಚಿಕ್ಕಪ್ಪ, ಭಾವ ಒಬ್ಬರಾದ ಮೇಲೊಬ್ಬರು ಕರೆ ಮಾಡುತ್ತಾರೆ. ಪ್ರತಿ ಕರೆಗೂ ಅವನು ಅದೇ ಉತ್ತರ ಹೇಳಬೇಕು, ಪ್ರತಿ ಬಾರಿಯೂ ಅವನ ಗಂಟಲು ಕಟ್ಟುತ್ತದೆ. ಭಾವೋದ್ವೇಗದ ಮಾತು ಸಾಮಾನ್ಯ ಮಾತಿಗಿಂತ ಹೆಚ್ಚು ಗಮನವನ್ನು ಕಬಳಿಸುತ್ತದೆ. ಇಂಥ ಸಂದರ್ಭದಲ್ಲಿ ಓಡಿಸುವವನ ಫೋನನ್ನು ಹೊರಡುವಾಗಲೇ ಜೊತೆಗಿರುವ ಮತ್ತೊಬ್ಬರ ಕೈಗೆ ಕೊಡಬೇಕು. ಕಾರಿನ ಜೋಡಣೆಯನ್ನೂ ತೆಗೆಯಬೇಕು, ಇಲ್ಲವಾದರೆ ಕರೆ ಸ್ಪೀಕರಿನಲ್ಲೇ ಮೊಳಗುತ್ತದೆ. ಸಾಧ್ಯವಾದರೆ ಆಂಬುಲೆನ್ಸನ್ನೇ ಕರೆಸುವುದು ಎಲ್ಲಕ್ಕಿಂತ ಮೇಲು. ತಂದೆಯ ಸ್ಥಿತಿ ಕಂಡು ಕಂಗೆಟ್ಟ ಮಗ ಆ ದಿನ ಓಡಿಸದಿರುವುದೇ ಲೇಸು.

ಕರೆ ಮಾಡುವವರ ಹೊಣೆಯನ್ನು ಯಾರೂ ಹೇಳುವುದಿಲ್ಲ. ಮನೆಯಲ್ಲಿ ಕುಳಿತವರು ಫೋನು ಹಚ್ಚಿದೊಡನೆ ಮೊದಲು ‘ಗಾಡಿ ಓಡಿಸುತ್ತಿದ್ದೀಯಾ?’ ಎಂದು ಕೇಳಬೇಕು. ಹೌದೆಂದರೆ ‘ನಿಂತ ಮೇಲೆ ಮಾಡು’ ಎಂದು ಇಟ್ಟುಬಿಡಬೇಕು. ಇದರಲ್ಲಿ ಅಗೌರವವೇನೂ ಇಲ್ಲ. ಕರೆ ಎತ್ತದಿದ್ದರೆ ಮತ್ತೆ ಮತ್ತೆ ಹಚ್ಚುವ ಅಭ್ಯಾಸವನ್ನಂತೂ ಹಿರಿಯರು ಬಿಡಬೇಕು.

ಫೋನಿನಲ್ಲೇ ಒಂದು ಸಹಾಯವಿದೆ. ಐಫೋನ್‌ಗಳಲ್ಲಿ ಕಾರಿನ ಬ್ಲೂಟೂತ್ ಸೇರಿದೊಡನೆ ಸಂದೇಶಗಳನ್ನು ತಡೆದಿಟ್ಟು, ‘ವಾಹನ ಓಡಿಸುತ್ತಿದ್ದೇನೆ’ ಎಂಬ ಉತ್ತರವನ್ನು ತಾನೇ ಕಳುಹಿಸುವ ಏರ್ಪಾಡನ್ನು ಮಾಡಿಕೊಳ್ಳಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಎಂಬ ಆಯ್ಕೆಯಿದೆ. ಒಂದಿಬ್ಬರು ಆಪ್ತರ ಕರೆ ಮಾತ್ರ ಬರುವಂತೆ ಹೊಂದಿಸಬಹುದು. ಮನೆಯ ಕಾಲೇಜು ಮಕ್ಕಳನ್ನು ಕೇಳಿದರೆ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಹೊಸ ಕಾರಿಗೆ ಫೋನು ಜೋಡಿಸುವುದರಿಂದ ಆಗುವ ಅತಿ ದೊಡ್ಡ ಲಾಭ ಇದೇ.

ಘಟ್ಟದ ದಾರಿಗೆ ಒಂದು ಮಾತು ಪ್ರತ್ಯೇಕ. ದೇವಿಮನೆ, ಗೇರುಸೊಪ್ಪಗಳ ಕಾಡಿನ ನಡುವೆ ಫೋನಿನ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ನಡುವೆ ಮಾತು ಕಡಿದರೆ ಚಾಲಕನ ಕಣ್ಣು ತಾನಾಗಿ ಪರದೆಯತ್ತ ಹೊರಳುತ್ತದೆ, ಬೆರಳು ಮತ್ತೆ ಕರೆ ಹಚ್ಚಲು ಹೋಗುತ್ತದೆ. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಘಟ್ಟ ಇಳಿಯುವ ಮೊದಲೇ, ಶಿರಸಿಯಲ್ಲೋ ಸಾಗರದಲ್ಲೋ, ಆಡಬೇಕಾದ ಮಾತು ಆಡಿ, ದಾರಿಯ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡು, ಕೆಳಗಿನ ಊರು ಮುಟ್ಟುವವರೆಗೆ ಕರೆಯ ಸದ್ದು ಅಡಗಿಸುವುದು ಉತ್ತಮ.

ಅನಿವಾರ್ಯವಾಗಿ ಮಾತನಾಡಲೇಬೇಕಾದರೆ ನಿಲ್ಲಿಸಿ. ಎಲ್ಲೆಂದರಲ್ಲಿ ಅಲ್ಲ. ಶರಾವತಿ ಸೇತುವೆಯ ಮೇಲೆ, ಘಟ್ಟದ ತಿರುವಿನಲ್ಲಿ, ಮಳೆಯಲ್ಲಿ ಮಣ್ಣು ಜಾರುವಂಥ ಗುಡ್ಡ ಕಡಿದ ಜಾಗಗಳ ಅಡಿಯಲ್ಲಿ ನಿಲ್ಲಬಾರದು. ಪೆಟ್ರೋಲ್ ಬಂಕಿನ ಆವರಣ, ಹೋಟೆಲಿನ ಎದುರಿನ ಬಯಲು, ಊರೊಳಗಿನ ಅಗಲವಾದ ಜಾಗ ಇವು ಯೋಗ್ಯ. ಬಂಕಿನಲ್ಲಾದರೆ ಇಂಧನ ತುಂಬುವ ಯಂತ್ರಗಳಿಂದ ದೂರ, ಗಾಳಿ ಹಾಕುವ ಮೂಲೆಯ ಬಳಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಳಿಕ ಕರೆ ಮಾಡಿ. ಮಾತು ಮುಗಿದ ಮೇಲೆ ಒಂದು ಗುಟುಕು ನೀರು ಕುಡಿದು, ಅರ್ಧ ನಿಮಿಷ ಸುಮ್ಮನೆ ಕುಳಿತು, ಕನ್ನಡಿಯಲ್ಲಿ ಹಿಂದಿನ ವಾಹನಗಳನ್ನು ನೋಡಿಕೊಂಡು ಹೆದ್ದಾರಿಗೆ ಇಳಿಯಬಹುದು.