ಸೆಗಣಿ ಸಾರಿಸಿದ ಗೋಡೆ ರೇಡಿಯೇಷನ್ ತಡೆಯುತ್ತದೆಯೇ? ಹಳೇ ಮನೆಯ ಗೋಡೆ ಸಿಂಗರಿಸುವ ಮುನ್ನ ಇದನ್ನು ಓದಿ

"ಸೆಗಣಿ ಸಾರಿಸಿದ ಮನೆಯೊಳಗೆ ಮೊಬೈಲ್ ರೇಡಿಯೇಷನ್ ಬರುವುದಿಲ್ಲ, ಅಣುಬಾಂಬ್ ಬಿದ್ದರೂ ಏನೂ ಆಗುವುದಿಲ್ಲ" ಎಂಬರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಹಳೇ ಗೋಡೆಗೆ ಇಟ್ಟಿಗೆಯಂತೆ ಕಾಣುವ ಫೋಮ್ ಸ್ಟಿಕರ್, ಮರದಂತೆ ಕಾಣುವ ಪಿವಿಸಿ ಪ್ಯಾನೆಲ್ ಅಂಟಿಸಿ ಒಂದೇ ದಿನದಲ್ಲಿ ತೋಟದ ಮನೆಯನ್ನು ರೆಸಾರ್ಟ್ ಮಾಡುವ ವಿಡಿಯೊಗಳೂ ಬರುತ್ತವೆ. ಮೊದಲನೆಯದು ಸುಳ್ಳು. ಆದರೆ ಅದನ್ನು ನಂಬಿ ಸಾರಿಸಿದವರ ಗೋಡೆಗೇನೂ ತೊಂದರೆಯಿಲ್ಲ. ನಮಗೆ ಹೆಚ್ಚು ಚಿಂತೆ ಇರುವುದು ಎರಡನೆಯದರ ಬಗ್ಗೆ. ಮನಗೂಳಿ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಅಂಥ ಗೋಡೆಯ ಮೇಲೆ ಏನನ್ನು ಹಚ್ಚುತ್ತೀರಿ ಎಂಬುದು ಅಂದಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ.

ರೇಡಿಯೇಷನ್ ಮಾತು ಎಷ್ಟು ನಿಜ?

2022ರ ನವೆಂಬರ್‌ನಲ್ಲಿ ಗುಜರಾತಿನ ತಾಪಿ ಜಿಲ್ಲಾ ನ್ಯಾಯಾಲಯ ದನ ಸಾಗಾಟದ ಪ್ರಕರಣವೊಂದರಲ್ಲಿ ನೀಡಿದ ಆದೇಶದಲ್ಲೂ ಸೆಗಣಿ ಸಾರಿಸಿದ ಮನೆಗೆ ಅಣುವಿಕಿರಣ ತಟ್ಟುವುದಿಲ್ಲ ಎಂಬ ಮಾತಿತ್ತು. ಕೋರ್ಟಿನ ಆದೇಶದಲ್ಲಿ ಬಂದ ಮಾತ್ರಕ್ಕೆ ಅದು ವಿಜ್ಞಾನವಾಗುವುದಿಲ್ಲ. ಗಾಮಾ ಕಿರಣವನ್ನು ತಡೆಯಲು ಬೇಕಾದದ್ದು ತೂಕ ಮತ್ತು ದಪ್ಪ. ಅದಕ್ಕಾಗಿಯೇ ಸೀಸ ಅಥವಾ ದಪ್ಪ ಕಾಂಕ್ರೀಟ್ ಬಳಸುತ್ತಾರೆ. ಒಂದೆರಡು ಮಿಲಿಮೀಟರ್ ಸೆಗಣಿ ಅಷ್ಟೇ ತೂಕದ ಮಣ್ಣಿಗಿಂತ ಹೆಚ್ಚೇನೂ ಮಾಡದು. ಇನ್ನು ಮೊಬೈಲ್ ಹೊರಡಿಸುವುದು ರೇಡಿಯೊ ತರಂಗ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಸಾರಿಸಿದ ಮನೆಯೊಳಗೆ ಕುಳಿತೇ ಆ ಸಂದೇಶ ನಿಮಗೆ ತಲುಪಿದ್ದರೆ ತರಂಗ ಒಳಗೆ ಬಂದಿದೆ ಎಂದೇ ಅರ್ಥ. ಹಳೇ ಮನೆಯ ಒಳಕೋಣೆಯಲ್ಲಿ ನೆಟ್‌ವರ್ಕ್ ಕುಂಟುವುದು ಎರಡು ಅಡಿ ದಪ್ಪದ ಕಲ್ಲಿನಿಂದ.

ಹಾಗಾದರೆ ಹಿರಿಯರು ಸುಮ್ಮನೆ ಸಾರಿಸುತ್ತಿದ್ದರೇ? ಇಲ್ಲ. ಸೆಗಣಿಯಲ್ಲಿ ಅರಗದೆ ಉಳಿದ ಹುಲ್ಲಿನ ನಾರು ಇರುತ್ತದೆ. ಮಣ್ಣು ಒಣಗಿ ಕುಗ್ಗುವಾಗ ಆ ನಾರು ಅದನ್ನು ಹಿಡಿದಿಟ್ಟು ಬಿರುಕು ಕಡಿಮೆ ಮಾಡುತ್ತದೆ, ಧೂಳು ಏಳದಂತೆ ಮಾಡುತ್ತದೆ. ಇಷ್ಟು ನಿಜ. "ಎಲ್ಲ ರೋಗಾಣು ಸಾಯುತ್ತವೆ" ಎಂಬುದು ಮಾತ್ರ ನಿಜವಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲೂ ಪ್ರಾಣಿಗಳ ಸೆಗಣಿಯಲ್ಲೂ ಇರಬಲ್ಲವು. ಕೈಯಲ್ಲಿ ಗಾಯವಿದ್ದಾಗ ಸಾರಿಸಬೇಡಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಹಳೇ ಮನೆ ತಂಪಾಗಿರಲು ಕಾರಣ ಗೋಡೆಯ ದಪ್ಪ. ಹಗಲಿನ ಬಿಸಿ ದಪ್ಪ ಗೋಡೆ ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹೊರಗಿನ ಬಿಳಿ ಸುಣ್ಣ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ಸುಣ್ಣಕ್ಕೆ ಚೂರು ನೀಲಿ ಬೆರೆಸುವುದು ಸೊಳ್ಳೆ ಓಡಿಸಲಿಕ್ಕಲ್ಲ. ನೀಲಿ ಬಣ್ಣ ಸುಣ್ಣದ ಹಳದಿ ಛಾಯೆಯನ್ನು ಮರೆಸುವುದರಿಂದ ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಪ್ಯಾನೆಲ್ ಹಿಂದೆ ಏನಾಗುತ್ತದೆ?

ಹಳೇ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದಂತೆ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಮಣ್ಣು ಮತ್ತು ಸುಣ್ಣದ ಸಣ್ಣ ರಂಧ್ರಗಳಿಂದ ಆ ನೀರು ಆವಿಯಾಗಿ ಹೊರಹೋಗುತ್ತದೆ. ಗೋಡೆ ಇಷ್ಟು ವರ್ಷ ನಿಂತಿರುವುದೇ ಈ ವ್ಯವಸ್ಥೆಯಿಂದ. ಅದರ ಮೇಲೆ ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಪೇಂಟ್, ಪಿವಿಸಿ ಹಾಳೆ ಬಂದರೆ ದಾರಿ ಮುಚ್ಚುತ್ತದೆ. ನೀರು ಗೋಡೆಯಲ್ಲೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ. ಬಿಳಿ ಉಪ್ಪು ಮೂಡುತ್ತದೆ, ಪೇಂಟ್ ಹಪ್ಪಳದಂತೆ ಏಳುತ್ತದೆ, ಪ್ಯಾನೆಲ್ ಹಿಂದೆ ಬೂಷ್ಟು ಬೆಳೆಯುತ್ತದೆ. ಅಸ್ತಮಾ ಇರುವವರಿಗೆ ಆ ಬೂಷ್ಟು ಕಷ್ಟ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಬುಡದ ಮಣ್ಣು ಮೆತ್ತಗಾಗಿ ಕುಸಿಯುತ್ತಿದ್ದರೂ ಪ್ಯಾನೆಲ್ ಅದನ್ನು ಕಾಣಗೊಡುವುದಿಲ್ಲ. ಮೇಲೆ ಟನ್‌ಗಟ್ಟಲೆ ಮಣ್ಣಿನ ಮಾಳಿಗೆ. ಅದೂ ಮಳೆ ಕುಡಿದು ಭಾರವಾಗುತ್ತದೆ. ದೊಡ್ಡ ಮಳೆ ಬಂದಾಗಲೆಲ್ಲ ಇಂಥ ಮನೆಗಳು ಕುಸಿದ ಸುದ್ದಿ ನೀವೂ ಓದಿರುತ್ತೀರಿ.

ನೆಲ ಎರೆ ಮಣ್ಣಿನದಾದರೆ ಇನ್ನೊಂದು ಮಾತು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದರ ಜೊತೆ ಪಾಯವೂ ಅಲುಗಿ ಗೋಡೆ ಬಿರಿಯುತ್ತದೆ. ಬಿರುಕಿನ ಮೇಲೆ ಸ್ಟಿಕರ್ ಅಂಟಿಸುವ ಮೊದಲು ಅದರ ಎರಡೂ ತುದಿಯಲ್ಲಿ ಪೆನ್ಸಿಲ್ ಗುರುತು, ತಾರೀಕು ಹಾಕಿ. ಕೆಲವು ತಿಂಗಳಲ್ಲಿ ಗುರುತು ದಾಟಿ ಬೆಳೆದರೆ ಎಂಜಿನಿಯರ್‌ಗೆ ತೋರಿಸಿ. ಫೋಮ್ ಸ್ಟಿಕರ್‌ಗಳು ಬೆಂಕಿಗೆ ಬೇಗ ಕರಗಿ ಉರಿಯುತ್ತವೆ. ಒಲೆ, ಗ್ಯಾಸ್, ದೇವರ ದೀಪದ ಹತ್ತಿರ ಅವು ಬೇಡವೇ ಬೇಡ.

ಹಾಗಾದರೆ ಅಲಂಕಾರ ಹೇಗೆ?

ಗೋಡೆಗೆ ಒಗ್ಗುವ ಅಲಂಕಾರ ನಮ್ಮಲ್ಲೇ ಇದೆ. ಮಲೆನಾಡಿನ ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಇದರಲ್ಲಿ ಯಾವುದೂ ಗೋಡೆಯ ಉಸಿರು ಕಟ್ಟುವುದಿಲ್ಲ. ಮಳೆ ನೀರು ತಾಗಿದರೆ ಅಳಿಸಿಹೋಗುತ್ತದೆ ನಿಜ, ಅದಕ್ಕೇ ಒಳಗೋಡೆಗೆ ಅಥವಾ ಪಡಸಾಲೆಗೆ ಸರಿ. ವಿಜಯಪುರದ ಅಸಾರ್ ಮಹಲ್, ಸಿಂದಗಿ ರಸ್ತೆಯ ಕುಮಟಗಿಯ ಜಲಮಂಟಪಗಳಲ್ಲಿ ಆದಿಲ್‌ಶಾಹಿ ಕಾಲದಲ್ಲಿ ಗೋಡೆಚಿತ್ರ ಬರೆದದ್ದೂ ಗಾರೆಯ ಮೇಲೆಯೇ.

ಸುಣ್ಣ ಹೊಡೆಯುವುದಾದರೆ ಗೋಡೆಯನ್ನು ಮೊದಲು ನೀರಿನಿಂದ ಹಸಿ ಮಾಡಿ, ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು, ಆದ್ದರಿಂದ ಸುಡುಬಿಸಿಲಲ್ಲಿ ಹೊಡೆದದ್ದು ಕೈಗೆ ಪುಡಿಯಾಗಿ ಬರುತ್ತದೆ. ಹೊಸ ಸುಣ್ಣ ತನ್ನ ಕ್ಷಾರಗುಣದಿಂದ ಬೂಷ್ಟನ್ನು ತಡೆಯುತ್ತದೆ, ಕಲ್ಲಾದ ಮೇಲೆ ಆ ಗುಣ ಇರುವುದಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಹೊಡೆಯುವ ರೂಢಿಗೆ ಇದೂ ಒಂದು ಸಮರ್ಥನೆ. ಕಲ್ಲುಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ, ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಬಿದ್ದರೆ ಉಜ್ಜದೆ, ಎದೆಹಾಲು-ಎಣ್ಣೆ ಏನೂ ಹಾಕದೆ, ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಈಗಾಗಲೇ ಪ್ಯಾನೆಲ್ ಹಾಕಿಸಿದ್ದರೆ ಮಳೆಗಾಲಕ್ಕೆ ಮುಂಚೆ ಬುಡದ ಒಂದು ತುಂಡು ಬಿಚ್ಚಿ ನೋಡಿ. ಹಿಂದಿನ ಮಣ್ಣು ಬೆರಳಿಗೆ ಹಸಿ ಹತ್ತಿದರೆ, ಅಥವಾ ಒತ್ತಿದಾಗ ಉದುರಿದರೆ, ಗೋಡೆಯುದ್ದಕ್ಕೂ ಕೆಳಗಿನ ಮೂರು ಅಡಿಯ ಪ್ಯಾನೆಲ್ ತೆಗೆಸಿ ಗಾಳಿಯಾಡಲು ಬಿಡಿ. ಮಾಳಿಗೆಯ ತೊಲೆ ಕೂತಿರುವ ಕಡೆ ಹೀಗಾಗಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ, ಗೋಡೆ ಬಲ್ಲ ಗೌಂಡಿಯನ್ನೋ ಎಂಜಿನಿಯರನ್ನೋ ಕರೆದು ತೋರಿಸಿ.